ಶಾನಭಾಗ, ಶ್ಯಾನಭಾಗ, ಶಾನುಭೋಗ: ಯಾವ್ದು ಸರಿ ಅಂತ ಕೇಳಿದವರಿಗೆ

ಪ್ರಶ್ನೆ: ಮೇಡಂ ನಮಸ್ತೆ. ನಮ್ಮ ಮೂಲ ಕುಮಟಾ, ನಾನು ಈಗ ಪುಣೆಯಲ್ಲಿದ್ದೀನಿ. ಅಜ್ಜನ ಜಮೀನಿನ ಕಾಗದದಲ್ಲಿ ನಮ್ಮ ಅಡ್ಡಹೆಸರು ‘ಶ್ಯಾನಭಾಗ’ ಅಂತ ಇದೆ, ಅಪ್ಪನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ‘ಶಾನಭಾಗ’, ನನ್ನ ಆಧಾರಲ್ಲಿ ಇಂಗ್ಲಿಷಲ್ಲಿ ಎಚ್ ಒಂದು ಬಿಟ್ಟು ‘ಶಾನ್‌ಬಾಗ್’, ಚಿಕ್ಕಪ್ಪ ಬರ್ಕೊಳ್ಳೋದು ‘ಶಾನಭೋಗ’. ಅಜ್ಜನ ಜಮೀನು ನಮ್ಮ ಹೆಸರಿಗೆ ಮಾಡಿಸೋಣ ಅಂತ ಹೋದ್ರೆ ಒಂದು ಆಫೀಸಲ್ಲಿ ‘ನೀವೆಲ್ಲ ಒಂದೇ ಮನೆತನ ಅಂತ ಹೇಗೆ ನಂಬೋದು’ ಅಂತ ಮೂರು ಸಲ ವಾಪಸ್ ಕಳಿಸಿದ್ರು. ಇದರಲ್ಲಿ ಸರಿಯಾದ್ದು ಯಾವ್ದು? ಈ ಹೆಸರು ಬಂದಿದ್ದು ಎಲ್ಲಿಂದ?

ಉತ್ತರ: ಮೊದಲು ನಿಮ್ಮ ಮನಸ್ಸಿಗೆ ಸಮಾಧಾನ ಆಗೋ ಮಾತು ಹೇಳ್ತೀನಿ, ನಾಲ್ಕೂ ಸರಿ. ನಿಮ್ಮ ಮನೇಲಿ ಯಾರೂ ತಪ್ಪು ಬರೆದಿಲ್ಲ. ಇದು ಸಾವಿರ ವರ್ಷದಷ್ಟು ಹಳೇ ಕನ್ನಡ ಪದ, ಅಷ್ಟು ದೂರ ನಡ್ಕೊಂಡು ಬಂದಿರೋದ್ರಿಂದ ದಾರೀಲಿ ಯಾರ್ಯಾರ ಬಾಯಿಗೆ ಬಿತ್ತೋ ಅವರವರ ಗುರುತು ಅದ್ರ ಮೇಲೆ ಉಳ್ಕೊಂಡಿದೆ ಅಷ್ಟೇ.

ಇದರ ಹಳೇ ರೂಪ ‘ಸೇನಬೋವ’. ಚಾಲುಕ್ಯರ ಕಾಲದ ಶಾಸನ, ಹೊಯ್ಸಳರ ಕಾಲದ ಶಾಸನ ಓದೋರಿಗೆ ಇದು ತುಂಬಾ ಪರಿಚಯದ ಪದ. ದಾನ ಕೊಟ್ಟಿದ್ದು ಯಾರು, ಭೂಮಿಯ ಎಲ್ಲೆ ಯಾವ್ದು, ಕೆರೆ ಕೆಳಗೆ ಎಷ್ಟು ಗದ್ದೆ ಅಂತ ಎಲ್ಲಾ ಹೇಳಿ ಮುಗಿದ ಮೇಲೆ ಕೊನೇಲಿ ಎಷ್ಟೋ ಕಡೆ ಬರೆದವನ ಹೆಸರು ಬರುತ್ತೆ, ಸೇನಬೋವ ಇಂಥವನು ಬರೆದಂ ಅಂತ, ಆಮೇಲೆ ಕಲ್ಲಲ್ಲಿ ಕೆತ್ತಿದ ರೂವಾರಿಯ ಹೆಸರು. ಅಂದ್ರೆ ಇದು ಮನೆತನದ ಹೆಸರಾಗೋಕೆ ಎಷ್ಟೋ ಮುಂಚೆ ಕೆಲಸದ ಹೆಸರು. ಊರಿನ ಲೆಕ್ಕ ಬರೆಯೋನು, ಪತ್ರ ಬರೆಯೋನು, ಎಲ್ಲೆ ಗೊತ್ತಿರೋನು.

ಸೇನಬೋವ ಶ್ಯಾನಭಾಗ ಆಗಿದ್ದು ಹೇಗೆ ಅಂದ್ರೆ ನಮ್ಮ ಹಳ್ಳಿ ಬಾಯಿ ನೆನಪು ಮಾಡ್ಕೊಳ್ಳಿ. ಬೇಡ ಅನ್ನೋದು ಬ್ಯಾಡ ಆಗುತ್ತೆ, ಬೇರೆ ಅನ್ನೋದು ಬ್ಯಾರೆ, ದೇವರು ದ್ಯಾವ್ರು. ಅದೇ ಥರ ಸೇನ ಅನ್ನೋದು ಸ್ಯಾನ ಆಯ್ತು. ಇನ್ನು ಸಕಾರ ಶಕಾರ ಆಗೋದಕ್ಕೆ ಸೆಟ್ಟಿ ಶೆಟ್ಟಿ ಆಗಿರೋದಕ್ಕಿಂತ ಬೇರೆ ಸಾಕ್ಷಿ ಬೇಕಾ? ಶಾಸನದಲ್ಲಿ ಸೆಟ್ಟಿ ಅಂತಿದ್ದೋರು ಇವತ್ತು ಎಷ್ಟೋ ಕಡೆ ಶೆಟ್ಟಿ, ಹಾಗೇ ಸ್ಯಾನ ಶ್ಯಾನ ಆಗಿ, ಕೆಲವರ ಬಾಯಲ್ಲಿ ಆ ಯಕಾರ ಉದುರಿ ಬರೀ ಶಾನ ಆಯ್ತು. ಹಾಗಾಗಿ ನಿಮ್ಮ ಅಜ್ಜನ ಕಾಗದದಲ್ಲಿರೋ ‘ಶ್ಯಾ’ ಇದೆಯಲ್ಲ ಅದನ್ನ ದಯವಿಟ್ಟು ಯಾರೂ ತಿದ್ದೋಕೆ ಹೋಗ್ಬೇಡಿ. ನನ್ನ ಪ್ರಕಾರ ನಿಮ್ಮ ನಾಲ್ಕು ರೂಪಗಳಲ್ಲಿ ಹಳೇ ಸೇನಬೋವನಿಗೆ ತುಂಬಾ ಹತ್ರ ಇರೋದು ಅದೇ, ಹಳೇ ಏಕಾರ ಹೊರಟುಹೋಗುವಾಗ ಬಿಟ್ಟುಹೋದ ಹೆಜ್ಜೆ ಗುರುತು ಆ ಯಕಾರ.

ಬೋವ ಅನ್ನೋದು ಭೋಗ, ಭಾಗ ಆಗಿದ್ದಕ್ಕೆ ಕಂದಾಯದ ಭಾಷೆ ಕಾರಣ ಅನ್ಸುತ್ತೆ. ಭಾಗ ಅಂದ್ರೆ ಬೆಳೆಯಲ್ಲಿ ಅರಸನಿಗೆ ಸಲ್ಲೋ ಪಾಲು, ಭೋಗ ಅನ್ನೋದೂ ತೆರಿಗೆಗೆ ಸಂಬಂಧಪಟ್ಟ ಮಾತೇ, ಎರಡೂ ಶಾಸನಗಳಲ್ಲಿ ಜೊತೆಜೊತೆಗೇ ಬರ್ತವೆ. ದಿನಾ ಅದೇ ಲೆಕ್ಕ ಬರೆಯೋರ ಹೆಸರಿನ ಬಾಲಕ್ಕೆ ಅದೇ ಪದ ಅಂಟ್ಕೊಂಡಿದ್ರಲ್ಲಿ ಆಶ್ಚರ್ಯ ಇಲ್ಲ. ಕರಾವಳಿ ಕಡೆ ಭಾಗ ಗೆಲ್ತು, ನಮ್ಮ ಹಳೇ ಮೈಸೂರು ಕಡೆ ಭೋಗ ಗೆಲ್ತು. ನಮ್ಮಲ್ಲಿ ನಡುವೆ ಒಂದು ಉಕಾರನೂ ಸೇರಿ ಶಾನುಭೋಗ ಆಗಿದೆ, ಅನುಭೋಗ ಅನ್ನೋ ಮಾತಿನ ನೆರಳು ಬಿದ್ದಿರಬೇಕು ಅಂತ ನನ್ನ ಊಹೆ.

ಇಂಗ್ಲಿಷಿಗೆ ಬಂದ್ಮೇಲೆ ಇನ್ನೊಂದು ಕಥೆ. ಶ ಕಾರಕ್ಕೆ ಎರಡಕ್ಷರ, ಮಹಾಪ್ರಾಣಕ್ಕೆ ಒಂದು ಎಚ್, ದೀರ್ಘಕ್ಕೆ ಒಬ್ರು ಒಂದು ‘ಎ’ ಹಾಕಿದ್ರೆ ಇನ್ನೊಬ್ರು ‘ಎ ಯು’ ಹಾಕ್ತಾರೆ, ಮೈಸೂರು ಕಡೆಯೋರು ಭೋಗಕ್ಕೆ ಕೊನೇಲಿ ‘ಯು ಇ’ ಸೇರಿಸ್ತಾರೆ. ಈ ‘ಎ ಯು’ ಸ್ಪೆಲ್ಲಿಂಗ್ ನಮ್ಮ ದೇಶದ ಲಾ ಓದೋ ಮಕ್ಕಳಿಗೆಲ್ಲ ಗೊತ್ತು, ಅರುಣಾ ಶಾನಭಾಗ ಅವರ ಕೇಸಿಂದ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬೈಗೆ ನರ್ಸ್ ಆಗಿ ಹೋದ ಹುಡುಗಿ, 1973ರ ನವೆಂಬರಲ್ಲಿ ಕೆಲಸ ಮಾಡ್ತಿದ್ದ ಆಸ್ಪತ್ರೆಯಲ್ಲೇ ಆಕೆ ಮೇಲೆ ಕ್ರೂರವಾದ ಹಲ್ಲೆ ಆಯ್ತು, ಆಮೇಲೆ 2015ರ ಮೇ 18ಕ್ಕೆ ತೀರ್ಕೊಳ್ಳೋವರೆಗೆ ಹತ್ರ ಹತ್ರ 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ, ಅಲ್ಲಿನ ನರ್ಸುಗಳ ಆರೈಕೆಯಲ್ಲಿ ಇದ್ರು. ನಿಷ್ಕ್ರಿಯ ದಯಾಮರಣಕ್ಕೆ ಷರತ್ತು ಹಾಕಿ ಒಪ್ಪಿಗೆ ಕೊಟ್ಟ ಸುಪ್ರೀಂ ಕೋರ್ಟಿನ 2011ರ ಮಾರ್ಚ್ 7ರ ತೀರ್ಪು ಅವರ ಹೆಸರಲ್ಲೇ ಇದೆ. ಆ ಹೆಸರನ್ನ ದೆಹಲಿಯವರು, ಪಟ್ನಾದವರು ‘ಶಾನ್‌ಬಾಗ್’ ಅಂತ ಓದ್ತಾರೆ. ಅದು ನಮ್ಮ ಉತ್ತರ ಕನ್ನಡದ ಶಾನಭಾಗ ಅಂತ ಕನ್ನಡದ ಮಕ್ಕಳಿಗಾದ್ರೂ ಗೊತ್ತಿರಬೇಕು ಅನ್ನೋದು ನನ್ನ ಆಸೆ.

ಇನ್ನು ಆಫೀಸಿನ ವಿಷಯ. ಹೆಸರು ಬದಲಾಯಿಸೋಕೆ ಅಂತ ಗೆಜೆಟ್ ಕಡೆ ಈಗ್ಲೇ ಓಡಬೇಡಿ. ಮೊದಲು ನೋಟರಿ ಹತ್ರ ಅಫಿಡವಿಟ್ ಮಾಡಿಸಿ, ಇಂಥ ಇಂಥ ದಾಖಲೆಯಲ್ಲಿ ಇಂಥ ಇಂಥ ರೂಪದಲ್ಲಿರೋದು ಒಬ್ಬನೇ ವ್ಯಕ್ತಿ ಅಂತ ಎಲ್ಲಾ ರೂಪಗಳನ್ನೂ ಬಿಡದೆ ಬರೆಸಿ, ಜೊತೆಗೆ ವಂಶವೃಕ್ಷ ಇಡಿ. ಅಷ್ಟಕ್ಕೂ ಒಪ್ಪದೇ ಇದ್ರೆ ಯಾಕೆ ಒಪ್ಪಲ್ಲ ಅಂತ ಹಿಂಬರಹ ಕೇಳಿ, ಬಾಯಿಮಾತಲ್ಲಿ ವಾಪಸ್ ಬರಬೇಡಿ.

ಪ್ರಶ್ನೆ: ನಮ್ದು ಹಾಸನ ಜಿಲ್ಲೆ. ನಮ್ಮ ಮುತ್ತಜ್ಜ ಶಾನುಭೋಗರಾಗಿದ್ರು, ಊರಲ್ಲಿ ಈಗ್ಲೂ ‘ಶಾನುಭೋಗರ ಮನೆ’ ಅಂತಾರೆ. ಆದ್ರೆ ನಮ್ಮ ಯಾರ ಹೆಸರಲ್ಲೂ ಅದಿಲ್ಲ, ಬರೀ ಇನಿಷಿಯಲ್. ಮಗನ ಹೆಸರಿಗೆ ಸೇರಿಸೋಣ ಅಂದ್ರೆ ‘ಅದು ಕೊಂಕಣಿಯವರ ಸರ್‌ನೇಮು, ನಿಮಗ್ಯಾಕೆ’ ಅಂತಾರೆ ನೆಂಟ್ರು. ಹೌದಾ?

ಉತ್ತರ: ಅಲ್ಲ. ಇದು ಹುದ್ದೆ, ಜಾತಿ ಅಲ್ಲ. ಕರಾವಳಿಯಲ್ಲಿ ಈ ಅಡ್ಡಹೆಸರು ಇರೋರು ಹೆಚ್ಚಾಗಿ ಕೊಂಕಣಿ ಮಾತಾಡೋ ಸಾರಸ್ವತರು ಅನ್ನೋದು ನಿಜ. ಕೆಳದಿ ಅರಸರ ಕಾಲದಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಅವರಲ್ಲಿ ತುಂಬಾ ಜನ ಸೇರಿದ್ರು. ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದವನು, ಅವನು ಹೊಲ ಗದ್ದೆ ಅಳೆಸಿ ಕಂದಾಯ ಗೊತ್ತುಮಾಡಿದ ‘ಶಿಸ್ತು’ ಇವತ್ತಿಗೂ ಮಾತಲ್ಲಿದೆ, ಅಂಥ ಏರ್ಪಾಡು ನಡೀಬೇಕಂದ್ರೆ ಊರೂರಿಗೆ ಬರೆಯೋ ಕೈ ಬೇಕೇ ಬೇಕಲ್ಲ. ಆದ್ರೆ ಘಟ್ಟದ ಮೇಲೆ ಆ ಕೆಲಸ ಮಾಡಿದವರು ಬೇರೆ ಬೇರೆ ಸಮುದಾಯದವರು, ಮನೆಮಾತೂ ಬೇರೆ ಬೇರೆ.

ಅಲ್ಲಿ ಸರ್‌ನೇಮ್ ಆಗಿದ್ದು ನಿಮ್ಮಲ್ಲಿ ಆಗದೇ ಇದ್ದಿದ್ದಕ್ಕೆ ಕಾರಣ ಸರ್ಕಾರಿ ಕಾಗದದ ಅಭ್ಯಾಸ. ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರೆಸಿಡೆನ್ಸಿಗೆ ಸೇರ್ತು, ಅಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು ಬರೆಯೋದೇ ಪದ್ಧತಿ. ಸ್ಕೂಲಿಗೆ ಸೇರಿಸುವಾಗ ಮೂರನೇ ಜಾಗಕ್ಕೆ ಏನಾದ್ರೂ ಬೇಕಲ್ಲ, ಕೆಲಸದ ಹೆಸರೋ ಊರಿನ ಹೆಸರೋ ಬಂತು. ಮೈಸೂರು ಸೀಮೆಯಲ್ಲಿ ಊರಿನ ಇನಿಷಿಯಲ್ಲು, ಅಪ್ಪನ ಇನಿಷಿಯಲ್ಲು, ಅಲ್ಲಿಗೆ ಮುಗೀತು, ಶಾನುಭೋಗ ಅನ್ನೋದು ಹೆಸರಿನ ಹಿಂದೆ ಬರದೆ ಮುಂದೆ ಬಂತು, ಶಾನುಭೋಗ ಸುಬ್ಬಣ್ಣೋರು ಅನ್ನೋ ಹಾಗೆ, ಇಲ್ಲಾಂದ್ರೆ ಮನೆಗೆ ಅಂಟ್ಕೊಂಡು ಉಳೀತು.

ನಾನು ಅರಸೀಕೆರೆ ಕಡೆಯವಳು, ನಮ್ಮ ಅಜ್ಜಿ ಮನೆ ಪಕ್ಕದಲ್ಲೂ ಒಂದು ಶಾನುಭೋಗರ ಮನೆ ಇತ್ತು. ಹತ್ತನ್ನೆರಡು ವರ್ಷದವಳಿದ್ದಾಗ ಆ ಮನೆ ಅಟ್ಟ ಗುಡಿಸೋಕೆ ಅಂತ ಮಕ್ಕಳೆಲ್ಲ ಹತ್ತಿದ್ವಿ, ಅಲ್ಲಿ ಕೆಂಪು ವಸ್ತ್ರದ ಗಂಟಲ್ಲಿ ಒಂದು ಕಡತ ಸಿಕ್ತು. ಈಗ ಆಫೀಸಲ್ಲಿ ಫೈಲಿಗೆ ಕಡತ ಅಂತೀವಲ್ಲ, ಅದರ ಅಸಲಿ ರೂಪ. ಬಟ್ಟೆಗೆ ಹುಣಿಸೆ ಬೀಜದ ಅಂಟಲ್ಲಿ ಇದ್ದಿಲು ಪುಡಿ ಕಲಸಿ ಬಳಿದು ಒಣಗಿಸಿರ್ತಾರೆ, ಸ್ಲೇಟಿನ ಹಾಗೆ ಕರ್ರಗೆ ಗಟ್ಟಿಯಾಗಿರುತ್ತೆ, ಹಿಂದೆ ಮುಂದೆ ಮಡಿಕೆ ಮಡಿಕೆಯಾಗಿ ಮಡಚಿಟ್ಟಿರ್ತಾರೆ. ಅದ್ರ ಮೇಲೆ ಬಳಪದಲ್ಲಿ ಬರೆಯೋದು. ಬಿಚ್ಚಿದ್ರೆ ಜಗಲಿ ಉದ್ದಕ್ಕೂ ಬಂತು, ಒತ್ತೊತ್ತಾಗಿ ಬೆಳ್ಳಗೆ ಅಕ್ಷರ, ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರೋ ಹಾಗೆ, ನಮಗೆ ಓದೋಕೆ ಬರಲಿಲ್ಲ ಆದ್ರೆ ಭಿನ್ನರಾಶಿಯ ಅಡ್ಡ ಗೆರೆ ಉದ್ದ ಗೆರೆ ಮಾತ್ರ ಗೊತ್ತಾಯ್ತು. ಆ ಮನೆ ಅಜ್ಜ ಕೆಳಗಿಂದ ಕೂಗಿದ್ರು, ‘ಒದ್ದೆ ಕೈ ಇಡಬೇಡ್ರೇ ಮಕ್ಕಳಾ, ಅಳಿಸಿಹೋಗುತ್ತೆ’. ಇವತ್ತಿಗೂ ಶಾನುಭೋಗ ಅನ್ನೋ ಪದ ಓದಿದ್ರೆ ನಂಗೆ ಆ ಬೆರಳಿಗೆ ಹತ್ತಿದ ಬಳಪದ ಪುಡಿಯೇ ನೆನಪಾಗೋದು.

ಆ ಅಜ್ಜ ಆ ಕೆಲಸ ಮಾಡಿದ ಕೊನೇ ತಲೆಮಾರು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂತು, 1963ರ ಫೆಬ್ರವರಿ 1ಕ್ಕೆ ಜಾರಿಗೆ ಬಂತು, ವಂಶಪಾರಂಪರ್ಯ ಪಟೇಲಿಕೆ ಶಾನುಭೋಗಿಕೆ ಎರಡೂ ಹೋದ್ವು. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು, ಈಗ ಅವರಿಗೂ ಗ್ರಾಮ ಆಡಳಿತಾಧಿಕಾರಿ ಅನ್ನೋ ಹೆಸರು. ವಂಶದಿಂದ ಬರೋ ಅಧಿಕಾರ ಹೋಗಿದ್ದು ನ್ಯಾಯವೇ, ಓದು ಬರಹ ಒಂದೆರಡು ಮನೆ ಕೈಯಲ್ಲಷ್ಟೇ ಇದ್ದಾಗ ಅದರಿಂದ ನೊಂದ ರೈತರೂ ಇದ್ರು. ಆದ್ರೆ ಹೆಸರು ಉಳಿಸ್ಕೊಳ್ಳೋದು ಬೇರೆ ಮಾತು. ನಿಮ್ಮ ಮುತ್ತಜ್ಜನ ಕೆಲಸದ ಹೆಸರು ನಿಮ್ಮ ಮಗನಿಗೆ ಇಡೋಕೆ ಯಾರ ಅಪ್ಪಣೆನೂ ಬೇಡ. ಇಡೋದಾದ್ರೆ ನಿಮ್ಮೂರಲ್ಲಿ ಹೇಗಂತಾರೋ ಹಾಗೇ ಶಾನುಭೋಗ ಅಂತಲೇ ಇಡಿ, ಕರಾವಳಿಯ ರೂಪ ಎರವಲು ತರೋದು ಬೇಡ.

ಪ್ರಶ್ನೆ: ಶೆಣೈ, ಶಾನಭಾಗ, ಕುಲಕರ್ಣಿ, ನಾಡಕರ್ಣಿ ಎಲ್ಲಾ ಒಂದೇನಾ? (ಉಡುಪಿಯಿಂದ)

ಉತ್ತರ: ಕೆಲಸದಲ್ಲಿ ನೆಂಟರು, ಪದ ಬೇರೆ ಬೇರೆ. ಕುಲಕರ್ಣಿ, ನಾಡಕರ್ಣಿ ಎರಡರಲ್ಲೂ ಇರೋದು ಕರಣ, ಅಂದ್ರೆ ಬರವಣಿಗೆ ಲೆಕ್ಕಪತ್ರದ ಕೆಲಸ. ತೆಲುಗಿನವರ ಕರಣಂ ಕೂಡ ಅದೇ ಬೇರು. ಮೈಸೂರಲ್ಲಿ ಶಾನುಭೋಗರು ಮಾಡ್ತಿದ್ದ ಕೆಲಸಾನೇ ಧಾರವಾಡ, ಬಿಜಾಪುರ ಕಡೆ ಕುಲಕರ್ಣಿ ಮಾಡ್ತಿದ್ರು. ನಾಡಕರ್ಣಿ ಅಂದ್ರೆ ಒಂದು ಊರಿಗಲ್ಲ, ಇಡೀ ನಾಡಿಗೆ. 1964ರಲ್ಲಿ ಮದ್ರಾಸಲ್ಲಿ ಇಂಗ್ಲೆಂಡ್ ಮೇಲೆ ಸಾಲಾಗಿ 21 ಮೇಡನ್ ಓವರ್ ಹಾಕಿದ ಬಾಪು ನಾಡಕರ್ಣಿ ಅವರ ಹೆಸರಲ್ಲಿರೋದೂ ಈ ಹಳೇ ಲೆಕ್ಕದ ಹುದ್ದೆನೇ.

ಶೆಣೈ ವಿಷಯಕ್ಕೆ ಬಂದ್ರೆ ಅದು ಶೆಣವಿ ಅನ್ನೋ ರೂಪದಿಂದ ಬಂದಿದ್ದು, ಗೋವಾದ ಪೋರ್ಚುಗೀಸ್ ಕಾಗದಗಳಲ್ಲಿ ಅದೇ ಸಿನಾಯ್ ಆಗಿದೆ. ಕೊಂಕಣಿ ಭಾಷೆಗೆ ಜೀವ ತೇಯ್ದ ವಾಮನ ವರ್ದೆ ವಾಲಾವಲಿಕರ್ ಇಟ್ಕೊಂಡ ಕಾವ್ಯನಾಮವೇ ಶೆಣೈ ಗೊಂಯ್‌ಬಾಬ್. ಷಣ್ಣವತಿ, ಅಂದ್ರೆ 96 ಊರು, ಸಾಸಷ್ಟಿಯ 66 ಮತ್ತೆ ತಿಸವಾಡಿಯ 30 ಸೇರಿ ಶೆಣವಿ ಆಯ್ತು ಅಂತ ಮನೆಗಳಲ್ಲಿ ಹೇಳ್ತಾರೆ. ಲೆಕ್ಕ ಕೂಡೋಕೆ ಚೆನ್ನಾಗಿ ಕೂಡುತ್ತೆ, ಆದ್ರೆ ಅಷ್ಟು ಚೆನ್ನಾಗಿ ಕೂಡೋ ಕಥೆಗಳನ್ನ ನಾನು ಸ್ವಲ್ಪ ನಿಧಾನವಾಗೇ ನಂಬೋದು.

ಪ್ರಶ್ನೆ: ನಮ್ಮ ಮನೆತನದ ಹೆಸರು ಹಿಂದೆ ಹೇಗೆ ಬರೀತಿದ್ರು ಅಂತ ಹುಡುಕಬೇಕು, ಎಲ್ಲಿಂದ ಶುರು ಮಾಡ್ಲಿ? (ಶಿರಸಿಯಿಂದ)

ಉತ್ತರ: ಮನೆಯ ಟ್ರಂಕಿನಿಂದ. ಹಳೇ ಕ್ರಯಪತ್ರ, ಅಡಮಾನ ಪತ್ರ ಇದ್ರೆ ಕೊನೇ ಸಾಲು ಮೊದಲು ನೋಡಿ, ಬರೆದವರ ರುಜು, ಸಾಕ್ಷಿದಾರರ ರುಜು ಅಲ್ಲಿರುತ್ತೆ, ಗುಮಾಸ್ತ ಬರೆದ ಹೆಸರಿಗೂ ಮನುಷ್ಯ ತಾನೇ ಹಾಕಿದ ರುಜುವಿಗೂ ಎಷ್ಟೋ ಸಲ ವ್ಯತ್ಯಾಸ ಇರುತ್ತೆ, ರುಜುವನ್ನೇ ನಂಬಿ. ಆಮೇಲೆ ಹುದ್ದೆ ರದ್ದಾದ ಮೇಲೆ ಇನಾಂ ಜಮೀನು ವಾಪಸ್ ಮಂಜೂರಾಗಿದ್ರೆ ಆ ರೀಗ್ರಾಂಟ್ ಆದೇಶದ ನಕಲು ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳಿ, ಅದ್ರಲ್ಲಿ ಹುದ್ದೆ ಯಾವ್ದು, ಯಾವ ಊರಿನದು ಎರಡೂ ಇರಬೇಕು. ಇನ್ನೂ ಹಿಂದಕ್ಕೆ ಹೋಗೋ ಆಸೆ ಇದ್ರೆ ದೊಡ್ಡ ಲೈಬ್ರರಿಗಳಲ್ಲಿ ಶಾಸನ ಸಂಪುಟಗಳಿವೆ, ಹಳೇ ಮೈಸೂರಿಗೆ ಎಪಿಗ್ರಾಫಿಯಾ ಕರ್ನಾಟಿಕಾ, ಪದಸೂಚಿಯಲ್ಲಿ ಶಾನಭಾಗ ಅಂತ ಹುಡುಕಿ ಸಿಗಲಿಲ್ಲ ಅಂತ ಮುಚ್ಚಿಡಬೇಡಿ, ಸೇನಬೋವ ಅಂತ ನೋಡಿ.

ಟ್ರಂಕಲ್ಲಿ ಕಡತ ಏನಾದ್ರೂ ಸಿಕ್ಕಿದ್ರೆ ಅದನ್ನ ಒರೆಸಬೇಡಿ, ಒದ್ದೆ ಬಟ್ಟೆ ಹತ್ರ ತರಲೇಬೇಡಿ. ಹಗಲು ಬೆಳಕಲ್ಲಿ ಒಂದೊಂದೇ ಮಡಿಕೆ ಬಿಚ್ಚಿ ಪಕ್ಕದಿಂದ ಬೆಳಕು ಬೀಳೋ ಹಾಗೆ ಮೊಬೈಲಲ್ಲಿ ಫೋಟೋ ತೆಗೆದು ನಮಗೂ ಒಂದು ಪ್ರತಿ ಕಳಿಸಿ, ಹಳೇ ಬರಹ ಓದೋಕೆ ಬರೋರಿಗೆ ತೋರಿಸಿ ಮುಂದಿನ ಸಂಚಿಕೆಯಲ್ಲಿ ಬರೀತೀನಿ.