ನನ್ನದೇ ಆದ ಉಡುಗೆಯ ಶೈಲಿಯನ್ನು ಆತ್ಮವಿಶ್ವಾಸದಿಂದ ರೂಪಿಸಿಕೊಳ್ಳುವುದು ಹೇಗೆ?

ಹೊಸ ಬಟ್ಟೆ ಕೊಳ್ಳುವುದಕ್ಕೂ ಮೊದಲು, ಕಪಾಟಿನಲ್ಲಿ ಈಗಾಗಲೇ ಇರುವುದರಲ್ಲಿ ಯಾವುದನ್ನು ಕೈ ಮತ್ತೆ ಮತ್ತೆ ಹುಡುಕುತ್ತದೆ, ಯಾವುದು ಮಡಿಕೆ ಬಿಚ್ಚದೆಯೇ ಉಳಿದಿದೆ ಎಂಬುದನ್ನು ಒಂದು ತಿಂಗಳು ಗಮನಿಸಿ. ನಿಮ್ಮ ಶೈಲಿಯ ಸುಳಿವು ಬಹುಪಾಲು ಅಲ್ಲಿಯೇ ಇರುತ್ತದೆ.

ನನ್ನ ಅಭಿಪ್ರಾಯದಲ್ಲಿ ಬಣ್ಣ, ಬ್ರ್ಯಾಂಡ್‌ಗಳಿಗಿಂತ ಅಳತೆಯೇ ಮುಖ್ಯ. ಬೇಕೆಂದೇ ಸಡಿಲವಾಗಿ ಹೊಲಿದ ಉಡುಪುಗಳನ್ನು ಬಿಟ್ಟರೆ, ಅಂಗಿಯ ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿಯೇ ಬರಬೇಕು; ಸೊಂಟ ಮತ್ತು ಉದ್ದವನ್ನು ದರ್ಜಿ ಸುಲಭವಾಗಿ ಸರಿಪಡಿಸಬಲ್ಲರಾದರೂ ಭುಜವನ್ನು ಬದಲಿಸುವುದು ಕಷ್ಟವೂ ದುಬಾರಿಯೂ ಆದ ಕೆಲಸವಾದ್ದರಿಂದ, ಕೊಳ್ಳುವಾಗ ಮೊದಲು ನೋಡಬೇಕಾದುದು ಅದನ್ನೇ. ಕನ್ನಡಿಯ ಮುಂದೆ ನೆಟ್ಟಗೆ ನಿಂತರಷ್ಟೇ ಸಾಲದು. ಕುಳಿತು, ಬಾಗಿ, ಕೈಯೆತ್ತಿ ನೋಡಿ. ದಿನವಿಡೀ ಎಳೆದೆಳೆದು ಸರಿಪಡಿಸಿಕೊಳ್ಳಬೇಕಾದ ಉಡುಪು ಎಷ್ಟೇ ಸುಂದರವಾಗಿದ್ದರೂ ಧರಿಸಿದವರನ್ನು ಮುಜುಗರಕ್ಕೇ ಈಡುಮಾಡುತ್ತದೆ.

ಬಣ್ಣಗಳ ವಿಷಯದಲ್ಲಿ ಕಪ್ಪು, ಬೂದು, ಕಡುನೀಲಿಯಂತಹ ತಟಸ್ಥ ಬಣ್ಣಗಳಲ್ಲಿ ಎರಡನ್ನು ಆಧಾರವಾಗಿಟ್ಟುಕೊಂಡು ಇಷ್ಟದ ಒಂದೆರಡನ್ನು ಸೇರಿಸಿದರೆ, ಒಂದಕ್ಕೊಂದು ಹೊಂದುವ 5 ಅಂಗಿ ಮತ್ತು 4 ಪ್ಯಾಂಟುಗಳಿಂದಲೇ 20 ಜೋಡಿಗಳಾಗುತ್ತವೆ. ಪ್ರಯೋಗ ಮಾಡಬೇಕೆನಿಸಿದಾಗ ಒಮ್ಮೆಗೆ ಒಂದನ್ನಷ್ಟೇ ಬದಲಿಸಿ, ಅದನ್ನೂ ಮೊದಲು ಯಾವುದಾದರೂ ಸಾಧಾರಣ ದಿನ ಧರಿಸಿ ನೋಡಿ. ಸಂದರ್ಶನದ ದಿನವೇ ಹೊಸ ಬೂಟು ತೊಡುವ ಸಾಹಸವಂತೂ ಬೇಡ.