ಲೇತ್‌ನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಟರ್ನಿಂಗ್ ಮಾಡುವಾಗ ಒಳ್ಳೆಯ ಫಿನಿಶ್ ಬರಲು ಫೀಡ್ (ಲೋಹ ಒಂದು ಸುತ್ತು ತಿರುಗುವಾಗ ಟೂಲ್ ಮುಂದೆ ಸರಿಯುವ ದೂರ) ಇನ್ನೂ ಎಷ್ಟು ಇಳಿಸಬೇಕು?

ಇಳಿಸಲೇಬೇಡಿ. ನೀವು ಬರೆದ 0.03 ಮಿ.ಮೀ. ಫೀಡ್ ಓದಿದ ಕೂಡಲೇ ನಾನು ಹಾಳುಮಾಡಿದ ಶಾಫ್ಟ್ ಕಣ್ಣಮುಂದೆ ಬಂತು.

304 ದರ್ಜೆಯ ಸ್ಟೇನ್‌ಲೆಸ್, 40 ಮಿ.ಮೀ. ವ್ಯಾಸ, ತುದಿಯಲ್ಲಿ ಬೇರಿಂಗ್ ಕೂರುವ ಜಾಗ. ವೇಗದಲ್ಲಿ ತಪ್ಪಿರಲಿಲ್ಲ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ಗೆ ಕತ್ತರಿಸುವ ವೇಗ ನಿಮಿಷಕ್ಕೆ 15 ಮೀಟರ್ ಎಂದು ಹಿಡಿದು, 1000ದಿಂದ ಗುಣಿಸಿ, 3.14 ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿ 120 ಆರ್‌ಪಿಎಂ, ಅಂದರೆ ನಿಮಿಷಕ್ಕೆ 120 ಸುತ್ತು ಇಟ್ಟಿದ್ದೆ. ಅಳತೆಗೆ ಇನ್ನೇನು 0.2 ಮಿ.ಮೀ. ಉಳಿದಾಗ ಕೈ ಹೆದರಿತು. ಫೀಡ್ 0.04ಕ್ಕೆ ಇಳಿಸಿ, 0.02 ಮಿ.ಮೀ. ಆಳದ ಕಟ್ ಕೊಟ್ಟೆ.

ತಪ್ಪು ನಡೆದದ್ದು ಅಲ್ಲೇ. ಟೂಲ್ ಎಷ್ಟೇ ಚೂಪಾಗಿದ್ದರೂ ಅದರ ಅಂಚು ಸೂಕ್ಷ್ಮವಾಗಿ ದುಂಡಗೇ ಇರುತ್ತದೆ. ಕಟ್ ಅದಕ್ಕಿಂತ ತೆಳುವಾದರೆ ಟೂಲ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿಸಿಕೊಂಡ ಸ್ಟೇನ್‌ಲೆಸ್ ಗಟ್ಟಿಯಾಗುತ್ತದೆ. ನನ್ನ ಶಾಫ್ಟ್ ಕನ್ನಡಿಯಂತೆ ಹೊಳೆಯಿತು, ಸಿಪ್ಪೆ ಮಾತ್ರ ಬರಲಿಲ್ಲ. ಆ ಹೊಳಪನ್ನೇ ಫಿನಿಶ್ ಎಂದು ನಂಬಿದೆ. ಮೈಕ್ರೋಮೀಟರ್ ಹಿಡಿದರೆ ಅಳತೆ ಕದಲಿರಲಿಲ್ಲ. ಮತ್ತೆ ಅಷ್ಟೇ ಕಟ್, ಮತ್ತೆ ಉಜ್ಜಾಟ, ಪದರ ಇನ್ನಷ್ಟು ಗಟ್ಟಿ. ನಾಲ್ಕನೆಯ ಸಲ ಬೇಸತ್ತು ಹ್ಯಾಂಡಲನ್ನು ಒಮ್ಮೆಲೇ ಒಳಕ್ಕೆ ತಿರುಗಿಸಿದೆ. ಮೊಂಡಾಗಿದ್ದ ಟೂಲ್ ಮೊದಲು ಜಾರಿತು, ಆಮೇಲೆ ಪದರ ಸೀಳಿ ನುಗ್ಗಿತು. ವ್ಯಾಸ ಬೇಕಾದ ಅಳತೆಗಿಂತ 0.08 ಮಿ.ಮೀ. ಕಡಿಮೆಯಾಯಿತು. ಬಿಗಿಯಾಗಿ ಕೂರಬೇಕಿದ್ದ ಬೇರಿಂಗ್ ಬೆರಳಲ್ಲಿ ತಳ್ಳಿದರೆ ಒಳಗೆ ಹೋಯಿತು. ಎರಡು ದಿನದ ಕೆಲಸ ಗುಜರಿಗೆ.

ಆದ್ದರಿಂದ ಕೊನೆಯ ಕಟ್‌ಗೆ ಆಳದಲ್ಲಿ ಕಾಲು ಮಿ.ಮೀ. ಆದರೂ ಉಳಿಸಿಕೊಳ್ಳಿ. ಹೊಸದಾಗಿ ಸಾಣೆ ಹಿಡಿದ ಟೂಲ್, ಧಾರಾಳ ಕೂಲಂಟ್, 0.1 ಫೀಡ್. ಫಿನಿಶ್ ಬೇಕೆಂದರೆ ಟೂಲ್‌ನ ಮೂತಿಯ ತ್ರಿಜ್ಯವನ್ನು ದೊಡ್ಡದು ಮಾಡಿ. 0.1 ಫೀಡ್‌ಗೆ 0.4 ಮಿ.ಮೀ. ತ್ರಿಜ್ಯ ಸುಮಾರು 3 ಮೈಕ್ರಾನ್ ಎತ್ತರದ ಗೆರೆ ಬಿಡುತ್ತದೆ, 0.8 ಅದರ ಅರ್ಧ.

ಎಲ್ಲ ಜಾಬ್‌ಗೂ (ಲೇತ್‌ಗೆ ಹಿಡಿಸುವ ತುಂಡಿಗೂ) ಹೊಂದುವ ಆರ್‌ಪಿಎಂ ಪಟ್ಟಿ ಕೇಳಿದ್ದೀರಿ. ಅಂಥದ್ದನ್ನು ಗೋಡೆಗೆ ಅಂಟಿಸಬೇಡಿ, ವ್ಯಾಸ ಅರ್ಧವಾದರೆ ಆರ್‌ಪಿಎಂ ಎರಡರಷ್ಟಾಗಬೇಕು. ಇನ್ನೊಂದು, ಫೀಡ್ ನಿಲ್ಲಿಸುವ ಮೊದಲೇ ಟೂಲನ್ನು ಹಿಂದಕ್ಕೆ ತೆಗೆಯಿರಿ. ತಿರುಗುವ ಜಾಬ್‌ಗೆ ಅದು ಸುಮ್ಮನೆ ತಾಗಿಕೊಂಡು ನಿಂತರೆ, ಅಲ್ಲೊಂದು ಉಂಗುರದಷ್ಟು ಜಾಗ ಗಟ್ಟಿಯಾಗಿ ಮುಂದಿನ ಕಟ್‌ನಲ್ಲಿ ಟೂಲನ್ನು ಒದೆಯುತ್ತದೆ.