ಓದುಗರ ಪ್ರಶ್ನೋತ್ತರ: ಪರದೆಯ ಮೇಲೆ ಕೇಳಿದ ಸಂಗೀತ

ಪ್ರಶ್ನೆ: ನಾನು ಕಲಬುರಗಿಯ ನಿವೃತ್ತ ಉಪನ್ಯಾಸಕ. ವಯಸ್ಸು ಎಪ್ಪತ್ತು ದಾಟಿದೆ. 1970ರ ದಶಕದ ಆರಂಭದಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಹಾಸ್ಟೆಲಿನ ಗೆಳೆಯರೊಂದಿಗೆ ಸಿಕಂದರಾಬಾದಿನ ಚಿತ್ರಮಂದಿರವೊಂದರಲ್ಲಿ ‘ವುಡ್‌ಸ್ಟಾಕ್’ ಎಂಬ ರಾಕ್ ಸಂಗೀತದ ಚಿತ್ರವನ್ನು ನೋಡಿದ್ದೆ. ಮಳೆಯ ಕೆಸರಿನಲ್ಲಿ ಜಾರುವ ಹುಡುಗರು, ವೇದಿಕೆಯ ಮೇಲೆ ಉರಿಯುವ ಗಿಟಾರ್, ಪಂಡಿತ ರವಿಶಂಕರರ ಸಿತಾರ್, ಇವೆಲ್ಲ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಅವರು ತಂತಿಗಳನ್ನು ಶ್ರುತಿ ಮಾಡಿ ಮುಗಿಸಿದೊಡನೆ ಅಲ್ಲಿನ ಜನ ಚಪ್ಪಾಳೆ ತಟ್ಟಿದ್ದೂ, ಪಕ್ಕದಲ್ಲಿ ಸರೋದ್ ಹಿಡಿದು ಕುಳಿತಿದ್ದ ಹಿರಿಯರ ಮುಖವೂ ನೆನಪಿದೆ. ಕಳೆದ ತಿಂಗಳು ಮೊಮ್ಮಗ ಆ ಚಿತ್ರವನ್ನು ಮೊಬೈಲಿನಲ್ಲಿ ಪೂರ್ತಿಯಾಗಿ ತೋರಿಸಿದ. ಅದರಲ್ಲಿ ರವಿಶಂಕರರೂ ಇಲ್ಲ, ಉರಿಯುವ ಗಿಟಾರೂ ಇಲ್ಲ. ಐವತ್ತು ವರ್ಷಗಳಿಂದ ಮನೆಮಂದಿಗೆಲ್ಲ ಹೇಳಿಕೊಂಡು ಬಂದದ್ದು ಸುಳ್ಳೇ? ಇದರಿಂದ ನನಗೆ ನಿಜಕ್ಕೂ ಸಂಕಟವಾಗಿದೆ.

ಉತ್ತರ: ಮಾನ್ಯರೇ, ತಮ್ಮ ಮೊಮ್ಮಗ ತೋರಿಸಿದ್ದು ಸರಿಯಾದ ಚಿತ್ರವೇ. ರವಿಶಂಕರರು ವುಡ್‌ಸ್ಟಾಕ್ ಎಂಬ ಅಮೆರಿಕದ ರಾಕ್ ಸಂಗೀತೋತ್ಸವದಲ್ಲಿ ನುಡಿಸಿದ್ದು ನಿಜ. 1969ರ ಆಗಸ್ಟ್ 15ರಂದು, ಅಂದರೆ ಉತ್ಸವದ ಮೊದಲ ದಿನವೇ, ರಾತ್ರಿಯ ಮಳೆಯ ನಡುವೆ ಅಲ್ಲಾರಖಾ ಅವರ ತಬಲಾ ಸಾಥ್‌ನೊಂದಿಗೆ ಅವರ ಕಾರ್ಯಕ್ರಮ ನಡೆದಿತ್ತು. ಆದರೆ ಮೈಕೆಲ್ ವಾಡ್ಲಿ ಅವರು ನಿರ್ದೇಶಿಸಿ 1970ರಲ್ಲಿ ತೆರೆಕಂಡ, ಮೂರು ಗಂಟೆಗೂ ಮಿಕ್ಕಿದ ಆ ಚಿತ್ರದಲ್ಲಿ ಸಿತಾರ್ ವಾದನದ ಭಾಗ ಸೇರಿಲ್ಲ. ಹಾಗಿದ್ದರೂ ತಾವು ಸುಳ್ಳು ಹೇಳಿಲ್ಲ. ತಾವು ಬರೆದಿರುವ ಮೂರು ದೃಶ್ಯಗಳೂ ಸಿನಿಮಾದಲ್ಲಿ ದಾಖಲಾಗಿವೆ. ಅವು ಮೂರು ಬೇರೆ ಬೇರೆ ಚಿತ್ರಗಳಲ್ಲಿವೆ.

ಕೆಸರಿನಲ್ಲಿ ಜಾರುವ ಹುಡುಗರು ವುಡ್‌ಸ್ಟಾಕಿನವರೇ, ಅದರಲ್ಲಿ ಸಂಶಯ ಬೇಡ. ಉರಿಯುವ ಗಿಟಾರ್ ಅದಕ್ಕಿಂತ ಎರಡು ವರ್ಷ ಹಿಂದಿನದು. ಕ್ಯಾಲಿಫೋರ್ನಿಯಾದ ಮಾಂಟೆರೆಯ ಸಂಗೀತೋತ್ಸವದಲ್ಲಿ 1967ರ ಜೂನ್ 18ರ ರಾತ್ರಿ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿ ಹಚ್ಚಿದ ಕ್ಷಣವನ್ನು ಡಿ. ಎ. ಪೆನ್ನೆಬೇಕರ್ ಅವರ ‘ಮಾಂಟೆರೆ ಪಾಪ್’ ಚಿತ್ರ ಹಿಡಿದಿಟ್ಟಿದೆ. ಅದೇ ದಿನ ಮಧ್ಯಾಹ್ನ ಅದೇ ವೇದಿಕೆಯ ಮೇಲೆ ರವಿಶಂಕರರು ನುಡಿಸಿದ್ದರು, ಮತ್ತು ಆ ಚಿತ್ರ ಮುಗಿಯುವುದೇ ಅವರ ದೀರ್ಘ ವಾದನದೊಂದಿಗೆ. ತಮ್ಮ ಪತ್ರವನ್ನು ಓದಿದವರು ತಾವು ನೋಡಿದ್ದು ‘ಮಾಂಟೆರೆ ಪಾಪ್’ ಇರಬೇಕೆಂದು ಥಟ್ಟನೆ ಹೇಳಿಬಿಡುತ್ತಾರೆ. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆ ಚಿತ್ರದಲ್ಲಿ ಸಿತಾರಿನ ನಾದ ಕೇಳತೊಡಗಿದ ಮೇಲೂ ಕ್ಯಾಮೆರಾ ಬಹಳ ಹೊತ್ತು ಹಗಲ ಬೆಳಕಿನಲ್ಲಿ ಕುಳಿತ ಜನರ ಮುಖಗಳನ್ನೇ ತೋರಿಸುತ್ತದೆ, ಆಮೇಲಷ್ಟೇ ನುಡಿಸುವವರು ಕಾಣಿಸಿಕೊಳ್ಳುತ್ತಾರೆ. ತಮ್ಮ ಪತ್ರದಲ್ಲಿ ಅಂಥ ಮುಖಗಳ ಮಾತೇ ಇಲ್ಲ. ಬದಲಿಗೆ ಸರೋದ್ ಇದೆ, ಶ್ರುತಿಗೆ ಬಿದ್ದ ಚಪ್ಪಾಳೆ ಇದೆ.

ಸರೋದ್ ಹಿಡಿದಿದ್ದವರು ಉಸ್ತಾದ್ ಅಲಿ ಅಕ್ಬರ್ ಖಾನ್. ಅವರು ಮಾಂಟೆರೆಯಲ್ಲಿ ರವಿಶಂಕರರ ಜೊತೆ ಕುಳಿತಿರಲಿಲ್ಲ. ಇಬ್ಬರೂ ಒಟ್ಟಿಗೆ ಕುಳಿತದ್ದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, 1971ರ ಆಗಸ್ಟ್ 1ರಂದು. ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ರವಿಶಂಕರರ ಕೋರಿಕೆಯಂತೆ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಏರ್ಪಡಿಸಿದ್ದ ಎರಡು ಪ್ರದರ್ಶನಗಳ ದಿನ ಅದು. ಬಾಬ್ ಡಿಲನ್, ಎರಿಕ್ ಕ್ಲ್ಯಾಪ್ಟನ್, ರಿಂಗೋ ಸ್ಟಾರ್ ಮುಂತಾದವರು ಹಾಡಿ ನುಡಿಸಿದ ಆ ಕಾರ್ಯಕ್ರಮ ಸಾಲ್ ಸ್ವಿಮ್ಮರ್ ಅವರ ನಿರ್ದೇಶನದಲ್ಲಿ ‘ದಿ ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್’ ಎಂಬ ಹೆಸರಿನಿಂದ 1972ರಲ್ಲಿ ತೆರೆಗೆ ಬಂತು. ಅದರ ಆರಂಭದಲ್ಲೇ ತಾವು ಹೇಳುವ ದೃಶ್ಯವಿದೆ. ವಾದ್ಯಗಳ ಶ್ರುತಿ ಮುಗಿದಾಗ, ಒಂದು ರಾಗವೇ ಮುಗಿಯಿತೆಂದು ತಿಳಿದ ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹೆಚ್ಚು ಹಿಡಿಸೀತು ಎಂಬ ಅರ್ಥದ ಮಾತನ್ನು ರವಿಶಂಕರರು ನಗುತ್ತ ಹೇಳುತ್ತಾರೆ. ಆಮೇಲೆ ‘ಬಾಂಗ್ಲಾ ಧುನ್’ ಶುರುವಾಗುತ್ತದೆ.

ಆದ್ದರಿಂದ ತಾವು ಕನಿಷ್ಠ ಎರಡು ಚಿತ್ರಗಳನ್ನು ನೋಡಿದ್ದೀರಿ, ಪ್ರಾಯಶಃ ಒಂದೇ ಚಿತ್ರಮಂದಿರದಲ್ಲಿ, ಒಂದೇ ಗೆಳೆಯರ ಗುಂಪಿನೊಂದಿಗೆ. ಬೆಂಕಿ ಹತ್ತಿದ ಗಿಟಾರಿನ ನೆನಪು ಮೂರನೆಯ ಚಿತ್ರದಿಂದಲೇ ಬಂದಿರಬೇಕೆಂದೇನಿಲ್ಲ. ಆ ಕಾಲದ ಹಾಸ್ಟೆಲುಗಳಲ್ಲಿ ಕಲ್ಕತ್ತಾದ ‘ಜೂನಿಯರ್ ಸ್ಟೇಟ್ಸ್‌ಮನ್’ ಪತ್ರಿಕೆ ಕೈಯಿಂದ ಕೈಗೆ ಓಡಾಡುತ್ತಿತ್ತು, ರಾಕ್ ಗಾಯಕರ ಚಿತ್ರಗಳನ್ನು ಅದರಿಂದ ಕತ್ತರಿಸಿ ಗೋಡೆಗೆ ಅಂಟಿಸುವುದು ಹುಡುಗರ ರೂಢಿಯಾಗಿತ್ತು. ವಾರಗಟ್ಟಲೆ ಕಣ್ಣೆದುರಿಗಿದ್ದ ಒಂದು ಫೋಟೋ ಕೂಡ ಕಾಲಾಂತರದಲ್ಲಿ ಪರದೆಯ ಮೇಲೆ ಚಲಿಸಿದಂತೆ ನೆನಪಾಗಬಹುದು. ನೋಡಿದ ಚಿತ್ರಗಳನ್ನು ನಮ್ಮ ಮನಸ್ಸು ಹೆಸರಿನ ಪ್ರಕಾರ ಜೋಡಿಸಿಡುವುದಿಲ್ಲ. ಕುಳಿತ ಜಾಗ, ಜೊತೆಗಿದ್ದವರು, ಆಗಿನ ವಯಸ್ಸು ಇವುಗಳ ಪ್ರಕಾರ ಜೋಡಿಸಿಡುತ್ತದೆ. ಸಿಕಂದರಾಬಾದಿನ ಆ ಹಾಲು, ಪಕ್ಕದ ಕುರ್ಚಿಯ ಗೆಳೆಯ, ಇಪ್ಪತ್ತರ ಪ್ರಾಯ ಮೂರೂ ಒಂದೇ ಆಗಿದ್ದಾಗ ಮೂರು ವೇದಿಕೆಗಳು ಒಂದಾದದ್ದರಲ್ಲಿ ಆಶ್ಚರ್ಯವಿಲ್ಲ.

ಮೊಬೈಲಿನಲ್ಲಿ ಚಿತ್ರ ನೋಡಿದಾಗ ಅದು ಪರಕೀಯವಾಗಿ ಕಂಡದ್ದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಬಿಡಿಸಿ ಹೇಳಬೇಕು. ‘ವುಡ್‌ಸ್ಟಾಕ್’ ಚಿತ್ರದ ಬಹುಭಾಗದಲ್ಲಿ ಪರದೆ ಎರಡು ಅಥವಾ ಮೂರು ಭಾಗಗಳಾಗಿ ಒಡೆದಿರುತ್ತದೆ. ಒಂದು ಕಡೆ ಹಾಡುವವನ ಮುಖ, ಇನ್ನೊಂದು ಕಡೆ ತಂತಿಯ ಮೇಲಿನ ಬೆರಳುಗಳು, ಮತ್ತೊಂದು ಕಡೆ ಜನಸ್ತೋಮ, ಎಲ್ಲವೂ ಏಕಕಾಲಕ್ಕೆ. ದೊಡ್ಡ ಪರದೆಯ ಎದುರು ಎಲ್ಲವನ್ನೂ ಒಮ್ಮೆಗೇ ನೋಡಲಾಗದು, ಪ್ರೇಕ್ಷಕ ಎಲ್ಲಿ ನೋಡಬೇಕೆಂದು ಆರಿಸಿಕೊಳ್ಳಲೇಬೇಕು. ಒಂದೇ ಸಾಲಿನಲ್ಲಿ ಕುಳಿತ ಇಬ್ಬರು ಗೆಳೆಯರು ಒಂದೇ ಹಾಡಿನಲ್ಲಿ ಬೇರೆ ಬೇರೆ ಸಂಗತಿಗಳನ್ನು ಕಂಡು ಹೊರಬಂದಿರುತ್ತಾರೆ, ಇಂಟರ್ವಲ್ಲಿನ ಚಹಾದ ಹೊತ್ತಿಗೆ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕೇಳಿ ತಮ್ಮದಾಗಿಸಿಕೊಂಡಿರುತ್ತಾರೆ. ಅಂಗೈಯಗಲದ ಗಾಜಿನಲ್ಲಿ ಆ ಮೂರು ಭಾಗಗಳೂ ಅಂಚೆಚೀಟಿಯಷ್ಟಾಗಿ, ಆರಿಸಿಕೊಳ್ಳಲು ಏನೂ ಉಳಿಯುವುದಿಲ್ಲ.

ಅಂಚೆಚೀಟಿ ಎಂದಾಗ ಇನ್ನೊಂದು ಮಾತು ನೆನಪಿಗೆ ಬರುತ್ತದೆ. 1971ರ ನವೆಂಬರ್ 15ರಿಂದ ನಮ್ಮ ದೇಶದಲ್ಲಿ ಲಕೋಟೆಗೆ ಮಾಮೂಲಿ ಸ್ಟಾಂಪಿನ ಜೊತೆ ನಿರಾಶ್ರಿತರ ಪರಿಹಾರದ 5 ಪೈಸೆಯ ಸ್ಟಾಂಪನ್ನೂ ಅಂಟಿಸಬೇಕಾಗಿತ್ತು. ಹಾಸ್ಟೆಲಿನಿಂದ ಗುಲ್ಬರ್ಗಕ್ಕೆ, ಆಗಿನ ಹೆಸರಿನಲ್ಲೇ ಹೇಳುವುದಾದರೆ, ತಾವು ತಂದೆತಾಯಿಗೆ ಬರೆದ ಪತ್ರಗಳ ಮೇಲೂ ಅದು ಇದ್ದೀತು. ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮಲ್ಲಿಗೆ ಬಂದಿದ್ದ ವರ್ಷ ಅದು. ನ್ಯೂಯಾರ್ಕಿನ ಸಭಿಕರಿಗೆ ಬಾಂಗ್ಲಾದೇಶ ದೂರದ ಸುದ್ದಿ, ಸಿಕಂದರಾಬಾದಿನ ಹಾಲಿನಲ್ಲಿ ಕುಳಿತವರಿಗೆ ಅದು ದಿನವೂ ನಾಲಿಗೆಗೆ ತಾಗುತ್ತಿದ್ದ ಗೋಂದಿನ ರುಚಿ. ತಮ್ಮ ಮನಸ್ಸು ಆ ಚಿತ್ರಗಳಿಂದ ಹೆಕ್ಕಿ ಇಟ್ಟುಕೊಂಡದ್ದರಲ್ಲಿ ಆ ಸಿತಾರ್ ಮತ್ತು ಸರೋದ್ ಇಷ್ಟು ಸ್ಪಷ್ಟವಾಗಿ ಉಳಿದದ್ದಕ್ಕೆ ಇದೂ ಕಾರಣವಿರಬಹುದೆಂದು ನನಗೆ ತೋರುತ್ತದೆ. ಮೊಮ್ಮಗನಿಗೆ ಹೇಳಿ ‘ಬಾಂಗ್ಲಾದೇಶ್’ ಚಿತ್ರವನ್ನು ಮನೆಯ ಟಿವಿಯಲ್ಲಿ ಹಾಕಿಸಿ. ಮನೆಮಂದಿಗೆ ಹೇಳಿದ ಕಥೆಯಲ್ಲಿ ತಿದ್ದಬೇಕಾದದ್ದು ಚಿತ್ರದ ಹೆಸರನ್ನಷ್ಟೇ.

ಪ್ರಶ್ನೆ: ನಾನು ಬೀದರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಪಾಂಪೇ ಚಿತ್ರವನ್ನು ದೊಡ್ಡ ಪರದೆಯಲ್ಲಿ ನೋಡಲೆಂದೇ ಬಸ್ಸಿನಲ್ಲಿ ಹೈದರಾಬಾದಿಗೆ ಹೋಗಿ ಬಂದೆ. ಹಾಲಿನಲ್ಲಿ ಹೆಚ್ಚೆಂದರೆ ಇಪ್ಪತ್ತು ಜನ. ಯಾರೂ ಉಸಿರೆತ್ತಲಿಲ್ಲ, ನನಗೆ ಮಾತ್ರ ಮೈ ಜುಮ್ಮೆಂದಿತು. ಊರಿಗೆ ಬಂದು ಹೇಳಿದಾಗ ನಮ್ಮ ಸೋದರಮಾವನವರು, ನುಡಿಸುವವನ ಎದುರು ಕುಳಿತು ದಾದ್, ಅಂದರೆ ಮೆಚ್ಚುಗೆಯ ಉದ್ಗಾರ, ಕೊಡದಿದ್ದರೆ ಅದು ಸಂಗೀತ ಕೇಳಿದ ಹಾಗಲ್ಲ ಎಂದರು. ಅವರು ಕಲಬುರಗಿಯ ಬಂದೇನವಾಜರ ಉರುಸಿನ ಕವ್ವಾಲಿಯನ್ನು ತಪ್ಪಿಸಿದವರಲ್ಲ. ಅವರ ಮಾತಿಗೆ ಏನು ಹೇಳಲಿ?

ಉತ್ತರ: ಮಾವನವರ ಮಾತಿನಲ್ಲಿ ತೂಕವಿದೆ. ನಮ್ಮ ಕಡೆಯ ಸಂಗೀತವೆಲ್ಲ ಕೇಳುಗರ ದನಿಯನ್ನು ಸೇರಿಸಿಕೊಂಡೇ ಬೆಳೆದದ್ದು. ಕವ್ವಾಲಿಯಲ್ಲಿ ಒಂದು ಸಾಲಿಗೆ ದಾದ್ ಬಿದ್ದರೆ ಹಾಡುವವರು ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ, ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ರಾತ್ರಿಯಿಡೀ ಹಾಡುವ ಭಜನೆಯಲ್ಲಿ ಕೇಳುಗರು ಪಲ್ಲವಿ ಹಿಡಿಯದಿದ್ದರೆ ಹಾಡು ಮುಂದೆ ಸಾಗದು. ಪರದೆಯ ಮೇಲಿನ ಕಲಾವಿದನಿಗೆ ನಮ್ಮ ದನಿ ತಲುಪುವುದಿಲ್ಲ.

ಆದರೆ ನೀವು ನೋಡಿಬಂದ ಚಿತ್ರ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡದ್ದು. ಏಡ್ರಿಯನ್ ಮೇಬೆನ್ ಅವರು 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಂಪೇ ನಗರದ ಪ್ರಾಚೀನ ಬಯಲು ರಂಗಮಂದಿರದಲ್ಲಿ ಪ್ರೇಕ್ಷಕರಿಲ್ಲದೆಯೇ ಅದನ್ನು ಚಿತ್ರೀಕರಿಸಿದರು. ‘ವುಡ್‌ಸ್ಟಾಕ್’ ಚಿತ್ರದಲ್ಲಿ ಜನಸಾಗರವೇ ನಾಯಕನಾದರೆ, ಇಲ್ಲಿ ಕ್ರಿ. ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರಿನ ಖಾಲಿ ಕಲ್ಲಿನ ಮೆಟ್ಟಿಲುಗಳು ಮಾತ್ರ ಇವೆ. ಅಲ್ಲಿ ಕೇಳುಗರ ಸ್ಥಾನವನ್ನು ಖಾಲಿ ಬಿಟ್ಟದ್ದರಿಂದ, ಆ ಸ್ಥಾನ ಹಾಲಿನಲ್ಲಿ ಕುಳಿತವರ ಪಾಲಿಗೆ ಬರುತ್ತದೆ. ನಿಮ್ಮ ಹಾಲಿನ ಇಪ್ಪತ್ತು ಜನ ಮೌನವಾಗಿದ್ದದ್ದು ಆ ಚಿತ್ರಕ್ಕೆ ಒಪ್ಪುವ ದಾದ್ ಎಂದೇ ನಾನು ತಿಳಿಯುತ್ತೇನೆ.

ಎಲ್ಲ ಚಿತ್ರಗಳಿಗೂ ಈ ಮೌನ ಒಪ್ಪುವುದಿಲ್ಲ. 1980ರ ದಶಕದಲ್ಲಿ ಕಲಬುರಗಿಯ ಒಂದು ವಿಡಿಯೋ ಪಾರ್ಲರಿನಲ್ಲಿ ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದ, 1973ರಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರೀಕರಿಸಿ 1976ರಲ್ಲಿ ತೆರೆಗೆ ತಂದ ಚಿತ್ರವನ್ನು ನಾನು ನೋಡಿದೆ. ಬೇಸಿಗೆಯ ಮಧ್ಯಾಹ್ನ, ತಗಡಿನ ಮಾಡು, ಮೂವತ್ತು ಜನ ಹುಡುಗರು. ಜಾನ್ ಬಾನಮ್ ಒಬ್ಬನೇ ಡ್ರಮ್ ಬಾರಿಸುವ ದೀರ್ಘ ಭಾಗದ ನಡುವೆ ಕರೆಂಟು ಹೋಯಿತು. ಕತ್ತಲೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನವನೊಬ್ಬ ಕಬ್ಬಿಣದ ಕುರ್ಚಿಯ ಬೆನ್ನಿನ ಮೇಲೆ ಅದೇ ಲಯವನ್ನು ಬೆರಳಿನಿಂದ ಹಿಡಿದ, ಇನ್ನೊಬ್ಬ ಸೇರಿದ, ನೋಡನೋಡುತ್ತಿದ್ದಂತೆ ಮೊಹರಂ ಹಲಗೆಯ ಗತ್ತು ಅದರೊಳಗೆ ಬಂದು ಬೆರೆಯಿತು. ಕರೆಂಟು ಮರಳಿ ಬಂದಾಗ ಟೇಪು ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು, ಆದರೆ ಹುಡುಗರ ಕೈಗಳು ನಿಲ್ಲಲಿಲ್ಲ. ಆ ಚಿತ್ರದ ಎಷ್ಟೋ ಭಾಗ ನನಗೆ ಮರೆತುಹೋಗಿದೆ, ಆ ಕತ್ತಲೆಯ ಹತ್ತು ನಿಮಿಷ ಮರೆತಿಲ್ಲ. ನ್ಯೂಯಾರ್ಕಿನಲ್ಲಿ ನುಡಿಸಿದವರಿಗೆ ನಮ್ಮ ದನಿ ತಲುಪಲಿಲ್ಲ ನಿಜ, ಪಕ್ಕದ ಕುರ್ಚಿಯವನಿಗೆ ತಲುಪಿತು. ಮಾವನವರಿಗೆ ಇದನ್ನು ಹೇಳಿ, ಸಾಧ್ಯವಾದರೆ ಮುಂದಿನ ಸಲ ಅವರನ್ನೂ ಹೈದರಾಬಾದಿಗೆ ಕರೆದೊಯ್ಯಿರಿ. ಚಪ್ಪಾಳೆ ತಟ್ಟಬೇಕೆನ್ನಿಸಿದರೆ ಹಾಡು ಮುಗಿದ ಮೇಲೆ ಸಂಕೋಚವಿಲ್ಲದೆ ತಟ್ಟಿ. ಹಾಡಿನ ನಡುವೆ ಮೊಬೈಲ್ ಬೆಳಗಿಸಿ ವಿಡಿಯೋ ತೆಗೆಯುವುದನ್ನು ಮಾತ್ರ ನಾನು ಒಪ್ಪಲಾರೆ, ಅದು ಹಿಂದೆ ಕುಳಿತವರ ಕತ್ತಲೆಯನ್ನು ಕಸಿದುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ತಂದೆಯವರು ರೈಲ್ವೆಯಲ್ಲಿದ್ದವರು, ಈಗ ಯಾದಗಿರಿಯಲ್ಲಿ ನಮ್ಮೊಂದಿಗಿದ್ದಾರೆ. ಹರೆಯದಲ್ಲಿ ಬೊಂಬಾಯಿಯಲ್ಲಿ ನೋಡಿದ ಒಂದು ರಾಕ್ ಚಿತ್ರದ ಬಗ್ಗೆ ಆಗಾಗ ಹೇಳುತ್ತಾರೆ. ಮೀಸೆಯೂ ಮೂಡದ ಹುಡುಗನೊಬ್ಬ ಕಣ್ಣು ಮುಚ್ಚಿ ಡ್ರಮ್ ಬಾರಿಸುತ್ತಿದ್ದನಂತೆ. ಅವರಿಗೆ ಮರೆವು ಶುರುವಾಗಿದೆ. ಇದನ್ನೆಲ್ಲ ಬರೆದಿಡಬೇಕೆಂಬ ಆಸೆ ನನಗಿದೆ, ಹೇಗೆ ತೊಡಗಲಿ?

ಉತ್ತರ: ಆ ಹುಡುಗ ಬಹುತೇಕ ಮೈಕೆಲ್ ಶ್ರೀವ್, ಸಂತಾನಾ ತಂಡದ ಡ್ರಮ್ ವಾದಕ. ವುಡ್‌ಸ್ಟಾಕಿನಲ್ಲಿ ನುಡಿಸಿದಾಗ ಅವನಿಗೆ ಆಗಷ್ಟೇ 20 ತುಂಬಿತ್ತು, ‘ಸೋಲ್ ಸ್ಯಾಕ್ರಿಫೈಸ್’ ಎಂಬ ಆ ನುಡಿಸಾಣಿಕೆ ‘ವುಡ್‌ಸ್ಟಾಕ್’ ಚಿತ್ರದಲ್ಲಿದೆ. ಆದರೆ ದಯವಿಟ್ಟು ಅದನ್ನು ಈಗಲೇ ತಂದೆಯವರಿಗೆ ತೋರಿಸಬೇಡಿ. ಒಮ್ಮೆ ತೋರಿಸಿದರೆ ಮೊಬೈಲಿನ ಚಿತ್ರ ಅವರ ಹಳೆಯ ಚಿತ್ರದ ಮೇಲೆ ಕುಳಿತುಬಿಡುತ್ತದೆ, ಆಮೇಲೆ ಯಾವುದು ಎಂದಿನದೆಂದು ಅವರಿಗೂ ತಿಳಿಯದು. ಮೊದಲು ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ತಪ್ಪಿದ್ದರೂ ತಿದ್ದದೆ, ಬರೆದುಕೊಳ್ಳಿ ಅಥವಾ ದನಿಯನ್ನು ಮುದ್ರಿಸಿಕೊಳ್ಳಿ.

ಚಿತ್ರದ ಹೆಸರು, ವರ್ಷ ಕೇಳಿ ಅವರನ್ನು ದಣಿಸಬೇಡಿ, ಅವನ್ನು ನಾವು ಬೇರೆಡೆಯಿಂದ ಹುಡುಕಬಹುದು. ಯಾವ ಗಾಡಿಗೆ ಬೊಂಬಾಯಿಗೆ ಹೋದರು, ಯಾರ ಖೋಲಿಯಲ್ಲಿ ಇಳಿದುಕೊಂಡರು, ಟಿಕೀಟಿಗೆ ದುಡ್ಡು ಯಾರು ಕೊಟ್ಟರು, ಬಾಲ್ಕನಿಯೋ ಕೆಳಗೋ, ಪಕ್ಕದಲ್ಲಿ ಯಾರಿದ್ದರು, ಹೊರಗೆ ಬಂದಾಗ ಬೆಳಕಿತ್ತೋ ಕತ್ತಲಾಗಿತ್ತೋ, ಏನು ತಿಂದರು, ಇವನ್ನು ಕೇಳಿ. ಒಂದೇ ದಿನ ಎಲ್ಲವನ್ನೂ ಕೇಳಬೇಡಿ. ಡ್ರಮ್ಮಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಬಾರಿಸಿ ತೋರಿಸಲು ಹೇಳಿ. ಹೆಸರು ಮರೆತವರ ಬೆರಳಿಗೆ ಲಯ ಮರೆತಿರುವುದಿಲ್ಲ. ಅದನ್ನೂ ಮುದ್ರಿಸಿಕೊಂಡ ಮೇಲೆ ಒಂದು ಸಂಜೆ ಮನೆಯ ದೊಡ್ಡ ಟಿವಿಯಲ್ಲಿ, ದೀಪ ಆರಿಸಿ, ಆ ಭಾಗವನ್ನು ಅವರೊಂದಿಗೆ ಕುಳಿತು ನೋಡಿ. ಬರಹ ಸಿದ್ಧವಾದರೆ ನಮಗೆ ಕಳುಹಿಸಿ, ಅದಕ್ಕಾಗಿ ಎರಡು ಪುಟ ಕಾದಿರಿಸುತ್ತೇವೆ.